ಬಿಸಿಲಿನ ಮಾತು ಹೇಳಲು ಹೋದವರು

ನನ್ನ ಅಕ್ಕನಿಗೆ ತನಗಾಗಿ ಏನನ್ನೂ ಕೇಳಿ ಗೊತ್ತಿರಲಿಲ್ಲ. ಅಂಗಡಿಯವನು ಹುಳುಕು ಬದನೆಕಾಯಿ ತೂಗಿಕೊಟ್ಟರೂ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬರುವವಳು. ಬಸ್ಸಿನಲ್ಲಿ ಯಾರಾದರೂ ತನ್ನ ಸೀಟಿನಲ್ಲಿ ಕೂತಿದ್ದರೆ ನಿಂತೇ ಪ್ರಯಾಣ ಮುಗಿಸುವವಳು. ಅಂಥವಳು ವರ್ಷಗಟ್ಟಲೆ ಶಾಸಕರ ಬಾಗಿಲಿಗೆ ಅಲೆದಳು ಎಂದರೆ ಬೀದರ್ ಕಡೆಯ ಭಾಲ್ಕಿಯಲ್ಲಿರುವ ನಮ್ಮ ಬಳಗದವರು ಇಂದಿಗೂ ನಂಬುವುದಿಲ್ಲ.

ಅಕ್ಕ ಮದುವೆಯಾಗಿ ಹೋದ ಊರಿಗೆ ಆಗ ಔರಂಗಾಬಾದ್ ಎನ್ನುತ್ತಿದ್ದರು. ಈಗ ಅದು ಛತ್ರಪತಿ ಸಂಭಾಜಿನಗರ. ಭಾವ ಅಲ್ಲಿ ಒಂದು ಕಂಪನಿಯ ಗೋದಾಮಿನಲ್ಲಿ ಗುಮಾಸ್ತರು. ನಾನು ನಾಸಿಕ್ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮಿಬ್ಬರ ಮನೆಗಳ ನಡುವೆ ಯೇವಲಾ, ವೈಜಾಪುರ ದಾಟಿ ಹೋಗುವ ಕೆಂಪು ಬಸ್ಸಿನ ಅರ್ಧ ದಿನದ ದಾರಿ. ರಜೆ ಸಿಕ್ಕಾಗಲೆಲ್ಲ ನಾನು ಆ ದಾರಿ ಹಿಡಿಯುತ್ತಿದ್ದೆ. ಅಕ್ಕನಿಗೆ ಮಕ್ಕಳಿರಲಿಲ್ಲ. ನಾನು ಹೋದರೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ, ಪರಾತವೆಂಬ ದೊಡ್ಡ ತಟ್ಟೆಯ ಸುತ್ತ ನಮ್ಮನ್ನೆಲ್ಲ ಕೂರಿಸಿ, ಬಾಯಿ ತುಂಬ ಕನ್ನಡ ಮಾತಾಡುವಳು. ಅವರ ಮನೆ ಮೂರು ಅಂತಸ್ತಿನ ಕಟ್ಟಡದ ತುದಿಯಲ್ಲಿತ್ತು, ನೆತ್ತಿಯ ಮೇಲೆ ಬರೀ ಸ್ಲ್ಯಾಬು. ಏಪ್ರಿಲ್ ಬಂತೆಂದರೆ ಸಂಜೆ ಏಳಕ್ಕೂ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಕೂಲರಿನಿಂದ ಬರುವ ಗಾಳಿಯೂ ಬಿಸಿ.

ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ಮೇ ತಿಂಗಳಲ್ಲಿ ಭಾವ ಮಧ್ಯಾಹ್ನ ಸ್ಕೂಟರಿನಲ್ಲಿ ಮನೆಗೆ ಬಂದರು. ಗಾಡಿ ಸ್ಟ್ಯಾಂಡಿಗೆ ಹಾಕಿದ್ದಷ್ಟೇ. ಹೆಲ್ಮೆಟ್ ಬಿಚ್ಚಲು ಕೈ ಎತ್ತಿದವರು ಮೆಟ್ಟಿಲ ಬುಡದಲ್ಲೇ ಕುಸಿದರು. ಕೆಳಮನೆಯಲ್ಲಿದ್ದ ಮರಾಠಿ ಮುದುಕಿ ಮೊದಲು ನೋಡಿದ್ದು. ಮೈ ಕೆಂಡವಾಗಿತ್ತು, ಒಂದು ಹನಿ ಬೆವರಿರಲಿಲ್ಲ. ಆಕೆ ಒಳಗಿದ್ದ ಕೊಡಗಳನ್ನೆಲ್ಲ ತಂದು ಅವರ ಮೇಲೆ ಸುರಿದಳು. ಅಷ್ಟು ಮಾಡಿದ್ದರಿಂದಲೇ ಜೀವ ಉಳಿಯಿತು ಎಂದು ಆಮೇಲೆ ಡಾಕ್ಟರು ಹೇಳಿದರು.

ಜೀವ ಉಳಿಯಿತು, ಭಾವ ಮೊದಲಿನ ಭಾವ ಆಗಲಿಲ್ಲ. ನಾಲಿಗೆ ತೊದಲತೊಡಗಿತು. ನಡೆದರೆ ಹೆಜ್ಜೆ ಅತ್ತಿತ್ತ ಹೋಗುತ್ತಿತ್ತು. ಬಿಸಿಲು ಮೆದುಳಿನಲ್ಲಿ ನಡಿಗೆ ಹಿಡಿಯುವ ಜಾಗವನ್ನೇ ಸುಟ್ಟಿದೆ, ಇದು ಹೆಚ್ಚು ಸರಿಹೋಗಲಾರದು ಎಂದರು ಡಾಕ್ಟರು. ಕಂಪನಿಯವರು ಮನೆಗೆ ಕಳಿಸಿದರು. ಜನ್ಮದಲ್ಲಿ ಹನಿ ಹೆಂಡ ಮುಟ್ಟದ ಮನುಷ್ಯ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ದಿನವೂ ಪೂಜೆ ಮಾಡುವವರು, ಹಾಲು ತರಲು ಹೋದರೆ ಜನ ಕುಡುಕನೆಂದು ದಾರಿ ಬಿಡುತ್ತಿದ್ದರು. ಕೆಲವು ದಿನಗಳ ಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟರು.

ಆಸ್ಪತ್ರೆಯಿಂದ ಕರೆತರುವ ದಿನ ನಾನೂ ಇದ್ದೆ. ಅಕ್ಕ ಡಾಕ್ಟರಿಗೆ ಕೇಳಿದಳು, ಮೊದಲು ಹೀಗೆಲ್ಲ ಆಗುತ್ತಿರಲಿಲ್ಲವಲ್ಲ, ಈಗ ಯಾಕೆ ಎಂದು. ಅವರು ಸಾವಧಾನದ ಮನುಷ್ಯ. "ಇಡೀ ಜಗತ್ತೇ ಕಾದು ಬಿಸಿಯಾಗ್ತಾ ಇದೆ. ಅದರ ಮೇಲೆ ನಾವು ಮರ ಕಡಿದು, ಸಿಮೆಂಟು ಹಾಕಿ, ನಮ್ಮ ಊರನ್ನ ಇನ್ನಷ್ಟು ಕಾಯಿಸಿಕೊಂಡಿದ್ದೇವೆ" ಎಂದರು.

"ಇದಕ್ಕ ಯಾರಿಗಿ ಕೇಳ್ಬೇಕ್ರಿ?" ಎಂದಳು ಅಕ್ಕ.

ಡಾಕ್ಟರು ದಣಿದಿದ್ದರು. ನಕ್ಕು, "ನೀವು ಓಟು ಹಾಕಿ ಕಳಿಸಿದವರನ್ನ ಕೇಳಿ" ಎಂದು ಮುಂದಿನ ಹಾಸಿಗೆಗೆ ಹೋದರು.

ಅವರು ಸುಮ್ಮನೆ ಅಂದಿದ್ದರು. ಅಕ್ಕ ಮಾತ್ರ ಆ ಮಾತನ್ನು ಔಷಧಿ ಚೀಟಿಯಂತೆ ಮನೆಗೆ ತೆಗೆದುಕೊಂಡು ಹೋದಳು.

ಕೆಳಮನೆಯ ಮುದುಕಿಯನ್ನು ಅಕ್ಕ ಕಾಕು ಎನ್ನುತ್ತಿದ್ದಳು. ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ಕಾಕುಗೆ ಎಪ್ಪತ್ತು ಸಮೀಪಿಸಿತ್ತು. ಒಬ್ಬ ಮಗ, ಸೊಸೆ. ಬೇಸಿಗೆಯಲ್ಲಿ ಅಕ್ಕ, ಕಾಕು ಇಬ್ಬರೂ ತಾರಸಿಯ ಮೇಲೆ ಹಪ್ಪಳ ಸಂಡಿಗೆ ಹಾಕುತ್ತ ಮಾತಾಡುವರು. ಕಾಕು ಬೈಯುವುದರಲ್ಲಿ ಗಟ್ಟಿ, ನಗುವುದರಲ್ಲೂ ಗಟ್ಟಿ. ಅಕ್ಕನಿಗೆ ಕೇಳಲು ಬಾರದ್ದನ್ನೆಲ್ಲ ಆಕೆ ಕೇಳಿಬಿಡುವಳು. ಭಾವನಿಗೆ ಹೀಗಾದ ಮೇಲೆ ಇಬ್ಬರೂ ಮೊದಲು ನಗರಸೇವಕರ, ಅಂದರೆ ಪಾಲಿಕೆ ಸದಸ್ಯರ ಹತ್ತಿರ ಹೋದರು. ಅವರು ನೀರಿನ ಟ್ಯಾಂಕರ್ ಕಳಿಸುತ್ತೇನೆಂದರು. ಇವರು ಟ್ಯಾಂಕರ್ ಕೇಳಿರಲಿಲ್ಲ. ಆಮೇಲೆ ಶಾಸಕರ ಬಾಗಿಲು. ಅಲ್ಲಿನವರು ಆಮದಾರ್ ಎನ್ನುತ್ತಾರೆ.

ಆ ಮೊದಲ ಭೇಟಿಗೆ ನನ್ನನ್ನೂ ಕರೆದುಕೊಂಡು ಹೋದಳು. ಆಮದಾರರ ಕಚೇರಿ ಅವರ ಮನೆಯ ಕೆಳಗೇ ಇತ್ತು, ಮುಂದೆ ಫರಸಿಕಲ್ಲು ಹಾಸಿದ ದೊಡ್ಡ ಅಂಗಳ. ನಾನು ಯಾರೋ ದಪ್ಪ ಮನುಷ್ಯ ಗುಡುಗುತ್ತಾನೆ ಅಂದುಕೊಂಡಿದ್ದೆ. ಬಂದವರು ತೆಳ್ಳಗೆ, ಮೆಲುಮಾತಿನವರು. ನಮಗೆಲ್ಲ ಚಹಾ ತರಿಸಿದರು. ಅಕ್ಕನನ್ನು "ತಾಈ" ಎಂದರು, ಅಂದರೆ ಅಕ್ಕ ಅಂತಲೇ.

"ಹೇಳಿ ತಾಈ. ನಲ್ಲಿ ನೀರಿಂದಾ?"

"ಅಲ್ಲ ಸಾಹೇಬ. ಬಿಸಿಲಿಂದು."

ಅವರು ತಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂಬಂತೆ ಮುಂದೆ ಬಾಗಿದರು. ಅಕ್ಕ ತನ್ನ ಬೀದರಿನ ಮರಾಠಿಯಲ್ಲಿ ಭಾವನ ಕತೆ ಹೇಳಿದಳು. ಆಮದಾರರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, ಹಾಸ್ಯವಿಲ್ಲದೆ, "ಆದರೆ ಬಿಸಿಲು ನನ್ನ ಕೈಯಲ್ಲಿದೆಯಾ ತಾಈ?" ಎಂದರು.

"ಬಿಸಿಲು ನಿಮ್ಮ ಕೈಯಲ್ಲಿಲ್ಲ. ರಸ್ತೆಗಂತ ಬೇವಿನ ಮರ, ಆಲದ ಮರ ಕಡಿಯೋದು ನಿಮ್ಮ ಕೈಯಲ್ಲಿ ಅದ. ನಡುಮಧ್ಯಾಹ್ನ ಹೆಣ್ಣಾಳುಗಳ ಕೈಲಿ ಡಾಂಬರು ಹಾಕಿಸೋದು ನಿಮ್ಮ ಕೈಯಲ್ಲಿ ಅದ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರ, ಆ ಹೊಗೆಯಿಂದ ಜಗತ್ತು ಕಾಯ್ತದ ಅಂತ ಪೇಪರ್‌ದಾಗ ಬರ್ತದ. ಇಷ್ಟು ಬಿಸಿಲಿರೋ ಊರಾಗ ಸರ್ಕಾರಿ ಕಟ್ಟಡದ ಮ್ಯಾಲ ಒಂದು ಸೋಲಾರ್ ಇಲ್ಲ. ನೀವು ಮುಂಬೈಯೊಳಗ ಎದ್ದು ನಿಂತು ಕೇಳ್ರಿ. ಇದಕ್ಕ ಒಂದು ಕಾಯ್ದೆ ಮಾಡಿಸ್ರಿ."

ಅವಳು ಆಡಿದ್ದು ಮರಾಠಿ. ನನ್ನ ನೆನಪಿನಲ್ಲಿ ಮಾತ್ರ ಅದು ಹೀಗೆ ನಮ್ಮ ಮನೆಯ ಕನ್ನಡದಲ್ಲೇ ಉಳಿದಿದೆ. ಅಷ್ಟು ಉದ್ದಕ್ಕೆ ಅವಳು ಹೊರಗಿನವರ ಮುಂದೆ ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು.

ಆಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಜ ಹೇಳ್ತೀನಿ ತಾಈ. ಇಲ್ಲಿ ಬಂದು ನೀರು ಕೇಳ್ತಾರೆ, ರಸ್ತೆ ಕೇಳ್ತಾರೆ, ಮಗನ ವರ್ಗಾವಣೆ ಕೇಳ್ತಾರೆ. ಹವಾಮಾನ ಕೇಳಿಕೊಂಡು ಬಂದವರು ನೀವೇ ಮೊದಲು. ಯಾರೂ ಕೇಳದ್ದನ್ನ ನಾನು ಅಲ್ಲಿ ಎದ್ದು ಹೇಳಿದರೆ ನಗ್ತಾರೆ."

ಕಾಕು ಅಲ್ಲಿಯವರೆಗೆ ಚಹಾ ಕುಡಿಯುತ್ತ ಕೂತಿದ್ದಳು. "ಹಾಗಾದರೆ ಎಷ್ಟು ಮಂದಿ ಬಂದು ಕೇಳಿದರೆ ಹೇಳ್ತೀರಪ್ಪಾ?" ಎಂದಳು.

ಅವರು ನಕ್ಕರು. "ಈ ಅಂಗಳ ತುಂಬಲಿ ಆಜೀ. ಆಗ ನನಗೂ ಧೈರ್ಯ ಬರ್ತದೆ." ಆದರೂ ನಾಗಪುರದಲ್ಲಿ ನಡೆಯುವ ವಿಧಾನಸಭೆಯ ಚಳಿಗಾಲದ ಅಧಿವೇಶನದಲ್ಲಿ ಒಂದು ಪ್ರಶ್ನೆ ಖಂಡಿತ ಕೇಳುತ್ತೇನೆಂದು ಮಾತು ಕೊಟ್ಟರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ದಾರಿಯುದ್ದಕ್ಕೂ ಅಕ್ಕ ಅವರನ್ನು ಹೊಗಳಿದಳು.

ಅಧಿವೇಶನದ ದಿನಗಳಲ್ಲಿ ಅಕ್ಕ ಟೀವಿ ಮುಂದೆ ಕೂತು ಮರಾಠಿ ವಾರ್ತೆ ತಪ್ಪದೆ ನೋಡಿದಳು. ತರಕಾರಿ ಹೆಚ್ಚುವುದೂ ಅಲ್ಲೇ. ಆಮದಾರರು ಒಂದು ಸಂಜೆ ಕಾಣಿಸಿದರು. ಅವರು ಎದ್ದು ಕೇಳಿದ್ದು ತಮ್ಮ ಕ್ಷೇತ್ರದ ರಸ್ತೆ ಅಗಲೀಕರಣ ಯಾಕೆ ತಡವಾಗುತ್ತಿದೆ ಎಂದು. ಅಕ್ಕ ನನಗೆ ಫೋನ್ ಮಾಡಿದಳು.

"ತಮ್ಮಾ, ಅವರು ಮಾತಾಡಿದ್ರು."

"ಬಿಸಿಲಿಂದೇನು?"

"ರಸ್ತೆದು. ಇನ್ನೂ ಲಗೂ ಮರ ಕಡೀರಿ ಅಂತ." ಆಮೇಲೆ ತಾನೇ, "ಮರಿತಿರಬೇಕು. ಅವರಿಗಿ ಎಷ್ಟ್ ಕೆಲಸ ಇರ್ತಾವ" ಎಂದಳು.

ಆ ಮಾರ್ಚಿನಲ್ಲಿ ನಮ್ಮ ಓಝರ್ ಕಡೆ ಆಲಿಕಲ್ಲು ಬಿತ್ತು. ಕೊಯ್ಲಿಗೆ ಬಂದ ದ್ರಾಕ್ಷಿ ತೋಟಗಳು ಒಂದು ಮಧ್ಯಾಹ್ನದಲ್ಲಿ ನೆಲ ಹಿಡಿದವು. ಚಾಂದವಡ್ ಕಡೆಯ ಹೆದ್ದಾರಿ ಬೆಳ್ಳಗಾಗಿತ್ತು, ಮಕ್ಕಳು ಆಲಿಕಲ್ಲು ಬಾಚಿ ಆಡುತ್ತಿದ್ದರು, ದೊಡ್ಡವರು ಚಪ್ಪರದ ಕೆಳಗೆ ಮಾತಿಲ್ಲದೆ ನಿಂತಿದ್ದರು. ಇಂಥ ಮಳೆ ಈ ತಿಂಗಳಲ್ಲಿ ಹಿಂದೆ ಇಷ್ಟು ಸಲ ಬಂದದ್ದಿಲ್ಲ ಎಂದು ಎಲ್ಲರೂ ಹೇಳುವವರೇ. ಅಕ್ಕನಿಗೆ ಹೇಳಿದರೆ, "ನಿಮ್ಮ ಆಮದಾರ್‌ಗ ಹೋಗಿ ಕೇಳು. ಬರೇ ನನಗ ಹೇಳ್ಬ್ಯಾಡ" ಎಂದಳು. ನಾನು ಕಾರ್ಖಾನೆಯ ಕೆಲವು ಗೆಳೆಯರನ್ನು ಕಟ್ಟಿಕೊಂಡು ನಮ್ಮ ಶಾಸಕರ ಬಳಿ ಹೋದೆ. ಅವರು ಪರಿಹಾರ ಬರುತ್ತದೆ ಎಂದರು. ನಾವು ತೋಟದವರಲ್ಲ, ಪರಿಹಾರಕ್ಕೆ ಬಂದಿಲ್ಲ, ವರ್ಷ ವರ್ಷ ಹೀಗಾಗುವುದಕ್ಕೆ ಸರ್ಕಾರ ಏನು ಮಾಡುತ್ತದೆಂದು ಕೇಳಲು ಬಂದಿದ್ದೇವೆ ಎಂದೆವು. ಅವರಿಗೆ ಅರ್ಥವಾಗಲಿಲ್ಲ. "ತೋಟವೇ ಇಲ್ಲದಿದ್ದರೆ ನಿಮಗೇನು ನಷ್ಟ?" ಎಂದು ಕೇಳಿ ಕಾರು ಹತ್ತಿದರು.

ಮುಂದಿನ ಬೇಸಿಗೆ ಬಂದಾಗ ಕಾಕು, "ಅಂಗಳ ತುಂಬಲಿ ಅಂದಿದ್ದನಲ್ಲ, ತುಂಬಿಸೋಣ" ಎಂದಳಂತೆ. ಇಬ್ಬರೂ ಗಲ್ಲಿ ಗಲ್ಲಿ ತಿರುಗಿದರು. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಮಾರುವವರು, ಮನೆಗೆಲಸದವರು, ತಗಡಿನ ಸೂರಿನ ಕೆಳಗೆ ಹಸುಗೂಸು ಮಲಗಿಸುವ ಬಾಣಂತಿಯರು, ಯಾರಿಗೂ ಬಿಸಿಲಿನ ಬಗ್ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇದನ್ನು ಹೋಗಿ ಕೇಳಬಹುದು ಎಂಬುದಷ್ಟೇ ಅವರಿಗೆ ಹೊಸದು. ಆಮದಾರರ ಸಹಾಯಕನ ಹತ್ತಿರ ಸಮಯ ಕೇಳಿದರು. ಅವನು ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದ. ಮೇ ತಿಂಗಳ ಒಂದು ಸೋಮವಾರ. ನಾನು ರಜೆ ಹಾಕಿ ಹೋಗಿದ್ದೆ.

ಬೆಳಿಗ್ಗೆ ಕಾಕು ಹೊರಬಂದಾಗ ಯೇವಲಾದ ಪೈಠಣಿ ಸೀರೆ ಉಟ್ಟಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟಿದ್ದು, ಅಂಚಿನ ತುಂಬ ಜರಿ, ಸೆರಗಿನಲ್ಲಿ ನವಿಲು.

"ಕಾಕು, ಇಷ್ಟು ದಪ್ಪ ರೇಷ್ಮೆ ಬ್ಯಾಡ. ಹತ್ತಿ ಸೀರಿ ಉಟ್ಟು ಬರ್ರಿ" ಎಂದಳು ಅಕ್ಕ.

"ಹರಕು ಸೀರೆ ಉಟ್ಟು ಹೋದರೆ ಏನೋ ಬೇಡೋಕೆ ಬಂದಾರೆ ಅಂತಾರೆ. ನಾವು ಬೇಡೋಕೆ ಹೊರಟಿದ್ದೀವಾ?" ಎಂದಳು ಕಾಕು. ಅಕ್ಕ ಮತ್ತೊಮ್ಮೆ ಹೇಳಿದಳು. ಕಾಕು ಆಗಲೇ ರಸ್ತೆಗಿಳಿದಿದ್ದಳು.

ಅಂಗಳ ತುಂಬಿತ್ತು. ನನ್ನ ಕಣ್ಣಾರೆ ಕಂಡದ್ದು, ಕಾಲಿಡಲು ಜಾಗವಿರಲಿಲ್ಲ. ಅಕ್ಕ ಬಾಗಿಲ ಹತ್ತಿರ ನಿಂತು ಹಿಂತಿರುಗಿ ಹಿಂತಿರುಗಿ ಆ ಹೆಂಗಸರನ್ನೆಲ್ಲ ನೋಡುತ್ತಿದ್ದಳು. ಭಾವನಿಗೆ ಹಾಗಾದ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಹತ್ತಾಯಿತು, ಆಮದಾರರು ಬರಲಿಲ್ಲ. ಸಹಾಯಕ ಹೊರಗೆ ಬಂದು, ಸಾಹೇಬರು ಒಂದು ಉದ್ಘಾಟನೆಗೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂದ. ಹನ್ನೊಂದಾಯಿತು. ಒಂದು ಕಡೆ ಕಟ್ಟಿದ್ದ ಬಟ್ಟೆಯ ಚಪ್ಪರದ ಕೆಳಗೆ ಬೇರೆ ಬೇರೆ ಕೆಲಸಕ್ಕೆ ಬಂದ ಗಂಡಸರು ಕೂತಿದ್ದರು. ಹೆಂಗಸರು ಕಂಪೌಂಡ್ ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತರು. ಸೂರ್ಯ ಏರಿದಂತೆ ಆ ನೆರಳು ಗೋಡೆಯೊಳಗೇ ಇಂಗಿಹೋಯಿತು. ಫರಸಿಕಲ್ಲು ಚಪ್ಪಲಿಯ ಮೂಲಕ ಸುಡುತ್ತಿತ್ತು. ನಾನು, ಅಕ್ಕ ಕ್ಯಾನುಗಳಲ್ಲಿ ನೀರು ತಂದು ಹಂಚಿದೆವು, ಅದೂ ಮುಗಿಯಿತು. ಕೆಲವರು ಮನೆಗೆ ಹೊರಟರು. ಕಾಕು ಅವರನ್ನು ತಡೆದಳು. "ಈಗ ಹೋದರೆ ಅಂಗಳ ಖಾಲಿ ಕಾಣ್ತದೆ. ಸ್ವಲ್ಪ ತಡೀರಿ."

ಕಾಕುವಿನ ಮುಖ ಕೆಂಪೇರಿದ್ದು ಕಂಡು ಅಕ್ಕ, ಅವಳನ್ನು ಒಳಗೆ ಕೂರಿಸಿ ಎಂದು ಸಹಾಯಕನನ್ನು ಕೇಳಿದಳು. ಅವನು ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ ಎಂದ. ಅವರಿಬ್ಬರೂ ಮಾತಾಡುತ್ತಿರುವಾಗಲೇ ಹಿಂದೆ ಹೆಂಗಸರು ಕೂಗಿದರು. ಕಾಕು ಗೋಡೆಗೊರಗಿದಂತೆಯೇ ಜಾರಿ ಕೂತಿದ್ದಳು. ನಾನು ಅವಳ ತಲೆ ಹಿಡಿದುಕೊಂಡೆ. ಕೈಗೆ ಬಿಸಿ ತಾಕಿತು. ಏನೋ ಮಾತಾಡುತ್ತಿದ್ದಳು, ಹಪ್ಪಳ ಒಳಗೆ ತೆಗೆದುಕೊಳ್ಳಿ ಅಂದಂತೆ ಕೇಳಿಸಿತು. ಅಕ್ಕ ಆ ದಪ್ಪ ರೇಷ್ಮೆಯ ಸೆರಗನ್ನು ಎಳೆದೆಳೆದು ಬಿಡಿಸುತ್ತಿದ್ದಳು. ಜರಿ ಬಳೆಗೆ ಸಿಕ್ಕಿಕೊಂಡಿತ್ತು. ಚಪ್ಪರದ ಗಂಡಸರು ಓಡಿಬಂದು ಒಳಗಿನಿಂದ ನೀರು ತಂದು ಸುರಿದರು. ನಾನು ರಸ್ತೆಗೆ ಓಡಿ ಆಟೋ ತಂದೆ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಅಕ್ಕನ ತೊಡೆಯ ಮೇಲೆ ಕಾಕುವಿನ ಉಸಿರು ನಿಂತಿತ್ತು.

ಕಾಕುವಿನ ಮಗ ಕೆಲಸದಿಂದ ನೇರ ಆಸ್ಪತ್ರೆಗೆ ಬಂದ. ನಲವತ್ತರ ಮನುಷ್ಯ, ಅಕ್ಕನ ಕೈಯಡುಗೆ ಉಂಡವನು. ತಾಯಿಯ ಮುಖ ನೋಡಿ, ಒದ್ದೆ ಪೈಠಣಿ ನೋಡಿ, ಅಕ್ಕನ ಕಡೆ ತಿರುಗಿದ. "ನಿಮ್ಮ ಗಂಡನ ಸಲುವಾಗಿ ನಮ್ಮ ಆಯಿಯನ್ನ ಯಾಕೆ ಬಿಸಿಲಿಗೆ ನಿಲ್ಲಿಸಿದಿರಿ?" ಎಂದ. ದನಿ ಎತ್ತಲಿಲ್ಲ. ಆ ದಿನ ಬಿಟ್ಟರೆ ಅವನು ಮತ್ತೆ ಅಕ್ಕನ ಜೊತೆ ಮಾತಾಡಲಿಲ್ಲ. ಒಂದೇ ಮೆಟ್ಟಿಲು, ಒಂದೇ ಗೇಟು. ಅಕ್ಕ ಇಳಿಯುವ ಸದ್ದು ಕೇಳಿದರೆ ಸೊಸೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ಆಮದಾರರು ಅಂತ್ಯಕ್ರಿಯೆಗೆ ಬಂದು ತಲೆ ತಗ್ಗಿಸಿ ನಿಂತರು. ಪೇಪರಿನಲ್ಲಿ ಸುದ್ದಿ ಬಂತು. ಆ ವಾರವೇ ಮಧ್ಯಾಹ್ನದ ಹೊತ್ತು ರಸ್ತೆ ಕೆಲಸ ಮಾಡಿಸಬಾರದೆಂದು ಆದೇಶವಾಯಿತು. ಆ ಬೇಸಿಗೆ ಅದು ನಡೆಯಿತು, ಮರುವರ್ಷ ಮತ್ತೆ ಮೊದಲಿನ ಹಾಗೆಯೇ. ಮೊದಲ ತಿಂಗಳ ಕ್ರಿಯೆ ಮುಗಿದ ಮೇಲೆ ಆಮದಾರರು ಚೌಕದಲ್ಲಿ ಕಾಕುವಿನ ಹೆಸರಿನಲ್ಲಿ ಒಂದು ನೀರಿನ ಅರವಟ್ಟಿಗೆ ಕಟ್ಟಿಸಿದರು. ಮಗ ಒಪ್ಪಿದ್ದ. ಮೇಲಿನ ಫ್ಲೆಕ್ಸಿನಲ್ಲಿ ಆಮದಾರರ ಕೈಮುಗಿದ ದೊಡ್ಡ ಚಿತ್ರ, ಮೂಲೆಯಲ್ಲಿ ಕಾಕುವಿನದು ಚಿಕ್ಕದು. ಉದ್ಘಾಟನೆಗೆ ಅಕ್ಕನನ್ನು ಯಾರೂ ಕರೆದಿರಲಿಲ್ಲ. ಅವಳು ಹೋಗಿ ಹಿಂದೆ ನಿಂತಳು. ಕಾರ್ಯಕ್ರಮ ಮುಗಿದು ಆಮದಾರರು ಕಾರಿನ ಕಡೆ ಬರುವಾಗ ಅವಳನ್ನು ಗುರುತಿಸಿ ನಿಂತರು.

"ತಾಈ, ನಮ್ಮ ಕೈಲಾದದ್ದು ಮಾಡಿದ್ದೇವೆ" ಎಂದರು.

"ನೀರಿನ ಗಡಿಗೆ ನಾವೂ ಇಡಬಹುದು ಸಾಹೇಬ" ಎಂದಳಂತೆ ಅಕ್ಕ. "ನಮ್ಮ ಕೈಲಿ ಆಗಲಾರದ್ದನ್ನ ಮಾಡ್ಲಿ ಅಂತ ನಿಮ್ಮನ್ನ ಕಳಿಸೀವಿ. ಅದನ್ನ ಕೇಳ್ಲಾಕ ಬಂದು ಕಾಕು ಸತ್ತಳು."

ಅವರು ಕೈಮುಗಿದು ಕಾರಿನಲ್ಲಿ ಕೂತರು. ಇದನ್ನು ಅಕ್ಕ ನನಗೆ ಹೇಳಿದಾಗ ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೇಳಿ ಮುಗಿಸಿ, "ನಾ ಇನ್ನೊಂದ್ಸಲ ಹೇಳಿದ್ರ ಹತ್ತಿ ಸೀರಿ ಉಡ್ತಿದ್ದಳೇನೋ" ಎಂದಳು.

ಚುನಾವಣೆ ಬಂತು, ಆ ಆಮದಾರರು ಸೋತರು. ಬಿಸಿಲಿಗೂ ಅವರ ಸೋಲಿಗೂ ಸಂಬಂಧವಿರಲಿಲ್ಲ. ಪ್ರಚಾರದಲ್ಲಿ ಯಾವ ಪಕ್ಷದವರೂ ಅದರ ಸುದ್ದಿ ಎತ್ತಲಿಲ್ಲ. ಅಕ್ಕ ಹೊಸಬರ ಹತ್ತಿರವೂ ಹೋದಳು. ಜೊತೆಗೆ ಬರಲು ಗಲ್ಲಿಯ ಹೆಂಗಸರು ಈಗ ಹೆದರುತ್ತಿದ್ದರು, ಹಾಗಾಗಿ ನಾನೊಬ್ಬನೇ ಅವಳ ಜೊತೆ ಹೋದೆ. ಹೊಸ ಆಮದಾರ ಹುಡುಗಪ್ರಾಯದವನು, ಎರಡು ಮೊಬೈಲು. ಅಕ್ಕ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಭಾವ, ಮರ, ಡಾಂಬರು, ಸೋಲಾರ್, ಕಾಯ್ದೆ. ಕಾಕುವಿನ ಹೆಸರು ಬಂದಾಗ ಅವನು, "ಹಾಂ, ಚೌಕದ ಅರವಟ್ಟಿಗೆಯವರು" ಎಂದ. ಅಕ್ಕ ಅಲ್ಲಿಗೆ ಮಾತು ನಿಲ್ಲಿಸಿದಳು. ಆಟೋದಲ್ಲಿ ಬರುವಾಗ ಅಗಲವಾದ ರಸ್ತೆ, ಎರಡೂ ಬದಿ ಬೋಳು. "ತಮ್ಮಾ, ನಾ ಇನ್ನ ಹೋಗಲ್ಲ" ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ.

ಕೆಲವು ವರ್ಷಗಳ ಮೇಲೆ ನಾಸಿಕಿನಲ್ಲಿ ಸಹೋದ್ಯೋಗಿಯೊಬ್ಬನ ಮಗಳ ಮದುವೆ. ಊಟದ ಹಾಲಿನಲ್ಲಿ ಆ ಸೋತ ಆಮದಾರರು ಹುಡುಗನ ಕಡೆಯವರಾಗಿ ಬಂದಿದ್ದರು. ಈಗ ಅವರ ಸುತ್ತ ಹಿಂಬಾಲಕರು ಯಾರೂ ಇರಲಿಲ್ಲ. ನಾನೇ ಹೋಗಿ ಗುರುತು ಹೇಳಿದೆ. ಅವರಿಗೆ ತಕ್ಷಣ ನೆನಪಾಯಿತು.

"ತಾಈ ಹೇಗಿದ್ದಾರೆ?" ಎಂದರು. ತಟ್ಟೆ ಪಕ್ಕಕ್ಕಿಟ್ಟು, "ಆ ಪ್ರಶ್ನೆ ನಾನು ಕೇಳಬೇಕಿತ್ತು. ಬರೆದೂ ಇಟ್ಟಿದ್ದೆ. ಪಕ್ಷದವರು ಈಗ ಇದೆಲ್ಲ ಬೇಡ ಅಂದರು" ಎಂದರು. ಅವರ ಮುಖದಲ್ಲಿ ನಿಜವಾದ ನೋವೇ ಇತ್ತು ಎಂದು ನನಗೆ ಅನಿಸಿತು.

ಅಕ್ಕನಿಗೆ ಸಮಾಧಾನವಾದೀತೆಂದು ಹೇಳಿದೆ. ಅವಳು ಭಾವನಿಗೆ ಅನ್ನ ಕಲಸಿಕೊಡುತ್ತಿದ್ದಳು. "ನಿನಗ ಹೇಳ್ಯಾರ, ಮದುವಿ ಊಟದಾಗ. ಅಲ್ಲಿ ಹೇಳಬೇಕಿತ್ತು" ಎಂದಷ್ಟೇ ಹೇಳಿ ಮತ್ತೊಂದು ತುತ್ತು ಕೈಗಿಟ್ಟಳು.

ಭಾವ ತೀರಿಕೊಂಡದ್ದು ಒಂದು ಚಳಿಗಾಲದ ಬೆಳಿಗ್ಗೆ, ನಿದ್ದೆಯಲ್ಲೇ. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ ನಮ್ಮವರು ನಾಲ್ಕಾರು ಮನೆಯವರು ಸೇರಿದರು. ಹೆಣ ಎತ್ತುವಾಗ ಕೆಳಮನೆಯ ಬಾಗಿಲು ತೆರೆಯಿತು. ಕಾಕುವಿನ ಮಗ ಹೊರಬಂದು ಒಂದು ಬದಿಗೆ ಹೆಗಲು ಕೊಟ್ಟ. ರುದ್ರಭೂಮಿಯವರೆಗೆ ಬಂದ, ಹಿಡಿ ಮಣ್ಣು ಹಾಕಿದ, ನನಗೆ ಕೈಮುಗಿದು ಹೊರಟುಹೋದ.

ಮನೆಗೆ ಬಂದಾಗ ಅಕ್ಕ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಗೋಡೆಗೊರಗಿ ಕೂತಿದ್ದಳು.

"ಅವ ಬಂದಿದ್ದನಲ್ಲ?" ಎಂದಳು.

"ಬಂದಿದ್ದ. ಹೆಗಲು ಕೊಟ್ಟ."

"ಏನರ ಅಂದ್ನೇನು?"

"ಇಲ್ಲ ಅಕ್ಕಾ."

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ಗೇಟು ಸದ್ದಾಯಿತು. ಅಕ್ಕ ಕತ್ತು ಎತ್ತಿ ಮೆಟ್ಟಿಲ ಕಡೆ ಆಲಿಸಿದಳು. ಹೆಜ್ಜೆಗಳು ಕೆಳಮನೆಯೊಳಗೆ ಹೋದವು, ಬಾಗಿಲು ಮುಚ್ಚಿತು.